ಗೋಂದಣ್ಣ ಆರಿಸಿದ ರೀಲು

ನನ್ನ ಅಂಗಡಿಯಲ್ಲಿ ಗಾಳ, ದಾರ, ಕೋಲು, ರೀಲು ಎಲ್ಲ ಸಿಗುತ್ತವೆ, ತಾಳ್ಮೆ ಮಾತ್ರ ಸಿಗುವುದಿಲ್ಲ. ಇದು ನನ್ನ ಹೆಂಡತಿಯ ಮಾತು. ಅಂಗಡಿ ಅವಳ ಅಪ್ಪನದು, ಹಾಗಾಗಿ ಹೇಳುವ ಹಕ್ಕೂ ಅವಳಿಗಿದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಗೋಂದಣ್ಣನ ಕಥೆ ಹೇಳಬೇಕೆಂದರೆ ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು.

ಗೋಂದಣ್ಣ ನಮ್ಮ ಬೀದಿಯ ಬೈಂಡರು. ನಲವತ್ತು ವರ್ಷ ಶಾಲೆ, ಕಚೇರಿಗಳ ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟಿದವರು. ಉಗುರಿನ ಸಂದಿಯಲ್ಲಿ ಯಾವಾಗಲೂ ಒಣಗಿದ ಗೋಂದು. ಕೈಕುಲುಕಿದರೆ ಬಿಡಿಸಿಕೊಳ್ಳಲು ನೀರು ಬೇಕು ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು. ಹೆಸರು ಹಾಗೆ ಅಂಟಿಕೊಂಡಿತು. ಸಂಜೆ ಐದಕ್ಕೆ ಕೆಲಸ ಮುಗಿಸಿ, ಗೋಂದಿನ ಕುಂಚಗಳನ್ನೆಲ್ಲ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು ಬಾಗಿಲು ಎಳೆದುಕೊಳ್ಳುತ್ತಿದ್ದರು. ಕುಂಚ ಬೆಳಗಿನವರೆಗೆ ನೆನೆಯಲೇಬೇಕು, ಇಲ್ಲದಿದ್ದರೆ ಕಡ್ಡಿಯಾಗುತ್ತದೆ ಎನ್ನುವುದು ಅವರ ಶಿಸ್ತು. ಒಂದು ದಿನವೂ ಅದು ತಪ್ಪಿದ್ದನ್ನು ನಾನು ಕಂಡಿಲ್ಲ.

ಅಲ್ಲಿಂದ ನೇರ ಸಮುದ್ರದ ಕಲ್ಲುಗೋಡೆಗೆ. ಕೋಲೂ ಇಲ್ಲ, ರೀಲೂ ಇಲ್ಲ, ಮರದ ತುಂಡಿಗೆ ಸುತ್ತಿದ ನೈಲಾನ್ ದಾರ ಮತ್ತು ಒಂದು ಗಾಳ. ದಾರವನ್ನು ಬಲಗೈ ತೋರುಬೆರಳಿನ ಮೇಲೆ ಹಾಯಿಸಿಕೊಂಡು ಕೂತರೆ, ಮೀನು ಮೂಸಿ ನೋಡಿದ್ದೂ ಅವರಿಗೆ ಗೊತ್ತಾಗುತ್ತಿತ್ತು. ನನ್ನ ಅಂಗಡಿಯ ರೀಲುಗಳನ್ನು ಕಂಡು ನಗುತ್ತಿದ್ದರು.

"ಕೈ ಇರೋವಾಗ ಯಂತ್ರ ಯಾಕೆ ತಮ್ಮಾ?"

ಅರುವತ್ತೆರಡನೆಯ ವಯಸ್ಸಿಗೆ ಸಣ್ಣದಾಗಿ ಲಕ್ವ ಹೊಡೆಯಿತು. ಮಾತು ಉಳಿಯಿತು, ನಡಿಗೆ ಉಳಿಯಿತು, ಬಲಗೈಯ ಬಿಗಿ ಮಾತ್ರ ಹೋಯಿತು. ಬೈಂಡಿಂಗ್ ಕೆಲಸ ನಿಂತಿತು. ದಾರ ಬೆರಳಿನಿಂದ ಜಾರತೊಡಗಿತು. "ಕೈಗೆ ಕೆಲಸ ಕೊಡ್ತಾ ಇರಿ, ಕೊಟ್ಟರೆ ಉಳಿಯುತ್ತೆ, ಬಿಟ್ಟರೆ ಹೋಗುತ್ತೆ" ಎಂದು ಡಾಕ್ಟರು ಹೇಳಿದ್ದರಂತೆ. ಆಗ ಬಂದರು ನನ್ನ ಅಂಗಡಿಗೆ.

"ಉಪ್ಪುನೀರಿಗೆ ಆಗೋ ಒಂದು ಸಣ್ಣ ರೀಲು ಬೇಕು. ಹೆಚ್ಚು ಬೆಲೆಯದು ಬೇಡ. ನನ್ನ ಕೈಯಲ್ಲಿ ತಿರುಗಬೇಕು, ಅಷ್ಟೇ."

"ಹಿಡಿಕೆಯನ್ನ ಎಡಗಡೆಗೂ ಹಾಕಬಹುದು, ಗೋಂದಣ್ಣ. ಒಳ್ಳೆ ಕೈಯಲ್ಲೇ ತಿರುಗಿಸಿ."

"ಎಡಗೈಯಲ್ಲಿ ತಿರುಗಿಸೋದಾದ್ರೆ ನನಗೆ ರೀಲು ಯಾಕೆ? ಈ ಕೈ ಇನ್ನೂ ನನ್ನದೇನಾ ಅಂತ ನೋಡಬೇಕು ನಾನು."

ಸುಮಾರು ಒಂದು ತಿಂಗಳು ಅಳೆದೂ ಸುರಿದೂ ಆರಿಸಿದರು. ದಿನಾ ಮಧ್ಯಾಹ್ನ ಬಂದು ಸ್ಟೂಲಿನ ಮೇಲೆ ಕೂತು, ಒಂದೊಂದೇ ರೀಲನ್ನು ಡಬ್ಬಿಯಿಂದ ತೆಗೆಸಿ, ಕಿವಿಗೆ ಹಿಡಿದು ಮೆಲ್ಲಗೆ ತಿರುಗಿಸುವುದು. ಆಮೇಲೆ ಗ್ರೀಸು ಮೂಸುವುದು. ಕಾಗದವನ್ನೂ ಅವರು ಹೀಗೇ ಕೊಳ್ಳುತ್ತಿದ್ದದ್ದು. ಒಂದು ಡಬ್ಬಿಯ ಮೇಲೆ ಹನ್ನೆರಡು ಬೇರಿಂಗ್ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅದನ್ನು ನೋಡಿ ಹಿಗ್ಗಿದರು. ಅಗ್ಗದ ರೀಲಿನಲ್ಲಿ ಹನ್ನೆರಡು ಬೇರಿಂಗ್ ಎಂದರೆ ತುಕ್ಕು ಹಿಡಿಯಲು ಹನ್ನೆರಡು ಜಾಗ ಎಂದೆ. ದೊಡ್ಡ ಮೀನು ಎಳೆದಾಗ ದಾರ ತಡವರಿಸದೆ ಬಿಡಬೇಕು, ದಾರ ಹಿಡಿಯುವ ತಂತಿ ಗಟ್ಟಿಯಿರಬೇಕು, ಒಳಗಿನ ಹಲ್ಲುಚಕ್ರಕ್ಕೆ ನೀರು ನುಗ್ಗಬಾರದು, ಮಿಕ್ಕಿದ್ದೆಲ್ಲ ಬಣ್ಣ ಎಂದು ವಿವರಿಸಿದೆ. ಮೊದಲ ವಾರ ನಾನು ಒಳ್ಳೆಯವನಾಗಿಯೇ ಇದ್ದೆ.

ಕೊನೆಗೆ ಎರಡು ಉಳಿದವು. ಒಂದು ಕಪ್ಪು, ನೀರು ಹೋಗದಂತೆ ಒಳಗೆಲ್ಲ ರಬ್ಬರ್ ಬಳೆ ಕೂರಿಸಿದ್ದು, ಬೆಲೆ ಸ್ವಲ್ಪ ಮೇಲೆ. ರಬ್ಬರಿನಿಂದಾಗಿ ಹಿಡಿಕೆಯೂ ತುಸು ಬಿಗಿ. ಇನ್ನೊಂದು ಬೂದು ಬಣ್ಣದ್ದು. ಅಗ್ಗ, ಹಗುರ, ಬೆರಳು ಮುಟ್ಟಿದರೆ ತಿರುಗುವಂಥದ್ದು, ಆದರೆ ಕೆರೆ ಹೊಳೆಗಳಿಗೆಂದು ಮಾಡಿದ್ದು. ಗೋಂದಣ್ಣ ಕಪ್ಪನ್ನು ತಿರುಗಿಸಲು ಹೋದರೆ ಮೂರು ಸುತ್ತಿಗೆ ಕೈ ನಡುಗುತ್ತಿತ್ತು. ಬೂದು ಸಲೀಸಾಗಿ ತಿರುಗುತ್ತಿತ್ತು. ಅದನ್ನು ತಿರುಗಿಸುವಾಗ ಅವರ ಮುಖ ನೋಡಬೇಕಿತ್ತು.

ಅವರು ಬೂದು ರೀಲೇ ಸೈ ಎಂದ ದಿನ ರಜಾ ದಿನ. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಉಪ್ಪುನೀರಿಗೆ ಒಯ್ದರೆ ಪ್ರತಿ ಸಲ ತೊಳೆಯಲೇಬೇಕು, ಇಲ್ಲದಿದ್ದರೆ ಕೆಡುತ್ತದೆ ಎಂದು ರೀಲಿಗೆ ದಾರ ಸುತ್ತುತ್ತಲೇ ಹೇಳಿದೆ.

"ಹೇಗೆ ತೊಳೀಬೇಕು ತಮ್ಮಾ?"

ಒಂದು ತಿಂಗಳು ನನ್ನ ತಲೆ ತಿಂದವರು. ಎದುರಿಗೆ ಹತ್ತು ಜನ ಕಾಯುತ್ತಿದ್ದರು.

"ಸಿಹಿನೀರಲ್ಲಿ ಚೆನ್ನಾಗಿ ತೊಳೀರಿ, ಗೋಂದಣ್ಣ. ತೊಳೆಯೋದಕ್ಕೂ ಪಾಠ ಮಾಡಬೇಕಾ?"

ನಿಂತವರೆಲ್ಲ ನಕ್ಕರು. ಗೋಂದಣ್ಣನೂ ನಕ್ಕು, ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು, ಜೊತೆಗೆ ಕೊಂಡ ಸಣ್ಣ ಕೋಲು ಹಿಡಿದು ಹೋದರು. ಒಂದೇ ನಿಮಿಷದ ಪಾಠ ಅದು. ರೀಲಿನ ಮುಂಭಾಗದ ತಿರುಪು ಬಿಗಿಮಾಡಿ, ಮೇಲಿಂದ ನಾಲ್ಕು ಹನಿ ನೀರು ಚಿಮುಕಿಸಿ, ಒರೆಸಿ, ನೆರಳಲ್ಲಿ ಒಣಗಿಸಿ, ಒಂದು ತೊಟ್ಟು ಎಣ್ಣೆ ಬಿಡುವುದು. ಈಗ ನಿದ್ದೆಗಣ್ಣಲ್ಲಿ ಕೇಳಿದರೂ ಹೇಳಿಯೇನು. ಆ ದಿನ ಹೇಳಲಿಲ್ಲ.

ಮೊದಲ ಎರಡು ತಿಂಗಳು ಅವರ ಸಂಭ್ರಮವೇ ಸಂಭ್ರಮ. ಸಂಜೆ ಕಲ್ಲುಗೋಡೆಯಿಂದ ಹಿಂದಿರುಗುವಾಗ ಅಂಗಡಿಯ ಮುಂದೆ ನಿಂತು ಬಲಗೈ ಎತ್ತಿ ಗಾಳಿಯಲ್ಲೇ ಹಿಡಿಕೆ ತಿರುಗಿಸಿ ತೋರಿಸುತ್ತಿದ್ದರು. ಅಂಗೈ ಉದ್ದದ ಮೀನು ಸಿಕ್ಕರೂ ತಂದು ತೋರಿಸದೆ ಮನೆಗೆ ಹೋಗುತ್ತಿರಲಿಲ್ಲ. ಊಟವನ್ನೂ ಬಲಗೈಯಲ್ಲೇ ಮಾಡುತ್ತಿದ್ದಾರೆ ಎಂದು ಅವರ ಮನೆಯಾಕೆ ನನ್ನ ಹೆಂಡತಿಗೆ ಹೇಳಿದ್ದರು.

ಆಮೇಲೆ ಬರುವುದು ಕಡಿಮೆಯಾಯಿತು. ಒಂದು ದಿನ ಬರಿಗೈಯಲ್ಲಿ ಬಂದು ಮೂಲೆಯಲ್ಲಿ ನಿಂತರು. ನಾನು ಯಾರಿಗೋ ಕೋಲು ತೋರಿಸುತ್ತಿದ್ದೆ.

"ತಮ್ಮಾ, ಇನ್ನೂ ಹಗುರ ತಿರುಗೋ ರೀಲು ಏನಾದರೂ ಇದೆಯಾ? ಕೈಗೆ ಯಾಕೋ ಆಗ್ತಾ ಇಲ್ಲ."

"ಅದಕ್ಕಿಂತ ಹಗುರದ್ದು ಎಲ್ಲಿಂದ ತರಲಿ, ಗೋಂದಣ್ಣ? ಅದೂ ಆಗಲ್ಲ ಅಂದ್ರೆ ಮನೇಲಿ ಆರಾಮಾಗಿ ಕೂತ್ಕೊಳ್ಳಿ."

ತಲೆ ಎತ್ತಿ ನೋಡಲೂ ಇಲ್ಲ ನಾನು. ರೀಲು ತನ್ನಿ, ನೋಡೋಣ ಎನ್ನುವ ಮಾತು ಬಾಯಿಗೆ ಬರಲಿಲ್ಲ. ಯಾವ ಹೊಸ ಗಿರಾಕಿ ಹೀಗೆಂದರೂ ಮೊದಲು ಅದನ್ನೇ ಹೇಳುತ್ತೇನೆ. ಇವರದು ಲಕ್ವ ಹೊಡೆದ ಕೈ ಎಂದು ನನ್ನ ತಲೆಯಲ್ಲಿ ಮೊದಲೇ ತೀರ್ಮಾನವಾಗಿತ್ತು. ಅವರು "ಆಯ್ತು ಬಿಡು" ಎಂದು ಹೊರಟರು. ಮನೆಯಲ್ಲಿ ಕೂತೇ ಬಿಟ್ಟರು.

ಎರಡು ವರ್ಷ ಕೂತರು. ಮೊದಮೊದಲು ಕಿಟಕಿಯಲ್ಲಿ ಕಾಣುತ್ತಿದ್ದರು, ಬಲಗೈ ಮಡಿಲಲ್ಲಿ. ನಾನು ಬೀದಿಯಿಂದಲೇ ಕೈಬೀಸಿದರೆ ಎಡಗೈ ಎತ್ತುತ್ತಿದ್ದರು. ಒಳಗೆ ಹೋಗಿ ಹತ್ತು ನಿಮಿಷ ಕೂತು ಮಾತಾಡಿಸಬಹುದಿತ್ತು. ಅಷ್ಟು ತಾಳ್ಮೆಯೂ ನನಗಿರಲಿಲ್ಲ. ಹೋದ ತಿಂಗಳು ತೀರಿಕೊಂಡರು.

ಮೊನ್ನೆ ಅವರ ಮನೆಯಾಕೆ ಅಂಗಡಿಗೆ ಬಂದರು. ಅವರನ್ನು ನಾನು ಅತ್ತಿಗೆ ಎಂದೇ ಕರೆಯುವುದು. ಕೈಯಲ್ಲೊಂದು ಬಟ್ಟೆಯ ಚೀಲ. ಬೈಂಡಿಂಗ್ ದಾರದಲ್ಲಿ ಹಾಕಿದ ಹೊಲಿಗೆ ನೋಡಿದ ಕೂಡಲೇ ಯಾರ ಕೈಯದೆಂದು ಗೊತ್ತಾಯಿತು.

"ರೀಲು ಹೊಸದರ ಹಾಗೇ ಇದೆಯಪ್ಪ. ಅವರಿಗಂತೂ ಕೈಲಾಗಲಿಲ್ಲ. ಕೈ ಗಟ್ಟಿ ಇರೋ ಯಾರಿಗಾದರೂ ಕೊಟ್ಟುಬಿಡು, ದುಡ್ಡು ಬೇಡ."

ತೆಗೆದು ನೋಡಿದೆ. ಹೊರಗೆ ಒಂದು ಗೀರಿಲ್ಲ, ಒಂದು ಉಪ್ಪಿನ ಕಲೆಯಿಲ್ಲ. ಅಭ್ಯಾಸದಂತೆ ಹಿಡಿಕೆ ತಿರುಗಿಸಿದೆ. ತಿರುಗಲಿಲ್ಲ. ದಿನಾ ಪೆಟ್ಟಿಗೆ ಎತ್ತುವ ಕೈ ನನ್ನದು. ಬಿಗಿಯಾಗಿ ಹಿಡಿದು ಮತ್ತೆ ತಿರುಗಿಸಿದೆ. ಕಾಲು ಸುತ್ತು ಕರಕರ ಎಂದು ನಿಂತಿತು. ಪಕ್ಕದ ಮುಚ್ಚಳ ಬಿಚ್ಚಿದರೆ ಗ್ರೀಸು ಇರಬೇಕಾದ ಜಾಗದಲ್ಲೆಲ್ಲ ಕೆಂಪು ತುಕ್ಕು. ಮೇಲೆ ಥಳುಕು, ಒಳಗೆ ಹುಳುಕು.

"ಅತ್ತಿಗೆ, ಅಣ್ಣ ಇದನ್ನ ಹೇಗೆ ತೊಳೀತಿದ್ದರು?"

"ನೀನೇ ಹೇಳಿದ್ದೆಯಂತಲ್ಲ, ಚೆನ್ನಾಗಿ ತೊಳೀಬೇಕು ಅಂತ. ಬಂದ ಕೂಡಲೇ ಆ ಕುಂಚದ ಬಕೆಟ್ ಇತ್ತಲ್ಲ, ಅದರಲ್ಲಿ ಮುಳುಗಿಸಿಡ್ತಿದ್ದರು. ಬೆಳಗಿನವರೆಗೂ ನೆನೀಬೇಕು, ಇಲ್ಲದಿದ್ರೆ ಉಪ್ಪು ಬಿಡಲ್ಲ ಅಂತಿದ್ದರು. ಒಂದು ದಿನವೂ ತಪ್ಪಿಸಲಿಲ್ಲ."

ಸುಳ್ಳು ಹೇಳಿಬಿಡಬಹುದಿತ್ತು. ಸರಿ ಅತ್ತಿಗೆ, ಯಾರಿಗಾದರೂ ಕೊಡ್ತೀನಿ ಎಂದು ಚೀಲಕ್ಕೆ ಹಾಕಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ರೀಲನ್ನು ತೆಗೆದುಕೊಂಡು ತಾವೇ ತಿರುಗಿಸಲು ನೋಡಿದರು.

"ಇದು ನಿನಗೂ ತಿರುಗಲ್ವಾ?"

"ಇಲ್ಲ ಅತ್ತಿಗೆ. ಒಳಗೆ ನೀರು ಹೋಗಿ ಹಿಡ್ಕೊಂಡಿದೆ. ಇದನ್ನ ಯಾರ ಕೈಯೂ ತಿರುಗಿಸೋಕಾಗಲ್ಲ. ಹೇಗೆ ತೊಳೀಬೇಕು ಅಂತ ಅಣ್ಣ ಕೇಳಿದ್ದರು. ನಾನು ಹೇಳಲಿಲ್ಲ."

ಅವರು ಗೋಂದಣ್ಣ ಕೂರುತ್ತಿದ್ದ ಸ್ಟೂಲಿನ ಮೇಲೆ ಕೂತರು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಎರಡು ವರ್ಷ ನಾನೇ ತುತ್ತು ಮಾಡಿ ತಿನ್ನಿಸಿದೆನಪ್ಪ" ಎಂದರು. "ಕೈ ಸತ್ತುಹೋಯ್ತು ಕಣೇ ಅಂತ ಅದನ್ನ ಎತ್ತೋದನ್ನೇ ಬಿಟ್ಟುಬಿಟ್ಟರು. ಆಮೇಲೆ ನಿಜವಾಗಲೂ ಏಳಲಿಲ್ಲ ಅದು. ಹಾಗಾದ್ರೆ ಆಗ ಕೆಟ್ಟಿದ್ದು ಅವರ ಕೈ ಅಲ್ಲವಾ?"

"ಅಲ್ಲ ಅತ್ತಿಗೆ."

ಮುಚ್ಚಳವನ್ನು ಮೊದಲಿದ್ದ ಹಾಗೇ ಕೂರಿಸಿಕೊಡು ಎಂದರು. ಕೂರಿಸಿಕೊಟ್ಟೆ. ಅವರು ರೀಲನ್ನು ಚೀಲಕ್ಕೆ ಹಾಕಿ, ಬಾಯಿದಾರ ಎಳೆದು ಗಂಟು ಬಿಗಿದು, ಇದನ್ನು ಯಾರಿಗೂ ಕೊಡುವುದು ಬೇಡ ಎಂದು ಮನೆಗೆ ತೆಗೆದುಕೊಂಡು ಹೋದರು.