ಸೈಡಲ್ ಅಂದರೆ ಎಂತ

ನನ್ನ ಗಂಡ ಬೋಟ್ ಇಂಜಿನ್ ಮೆಕ್ಯಾನಿಕ್. ಕಾಸರಕೋಡ ಬಂದರಿನಲ್ಲಿ ಬೋಟೊಂದರ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆದ ಮೇಲೆ ಕುಮಟೆಯ ಫಿಸಿಯೋಥೆರಪಿಯವರು ಗೋಡೆ ಹಿಡಿದು ಪಕ್ಕಪಕ್ಕಕ್ಕೆ ಹೆಜ್ಜೆ ಇಡುವುದನ್ನು ಹೇಳಿಕೊಟ್ಟರು. ಮಳೆಗಾಲವಿಡೀ ಅವರು ನಡುಮನೆಯಲ್ಲಿ ಹಾಗೇ ಸರಿದಾಡಿದರು. ಗೋಡೆಯ ಸುಣ್ಣ ಅಂಗೈಗೆ ಅಂಟುತ್ತಿತ್ತು.

ನಾನು ಭಟ್ಕಳದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಬೆಳಿಗ್ಗೆ ಅಡುಗೆ ಮಾಡಿ, ಅವರಿಗೆ ಸ್ನಾನ ಮಾಡಿಸಿ ಬಸ್ಸು ಹತ್ತಿದರೆ ಮನೆ ಸೇರುವಾಗ ಕಾಲು ಬಾತಿರುತ್ತಿತ್ತು. ಒಂದು ಸಂಜೆ ಮಕ್ಕಳ ಪಟ್ಟಿ ಪುಸ್ತಕ ತಿದ್ದುತ್ತಿದ್ದೆ. ಪಾಠದಲ್ಲಿ ‘ಸೈಡಲ್’ (sidle) ಎಂಬ ಇಂಗ್ಲಿಷ್ ಪದ ಬಂದಿತ್ತು. ಅದನ್ನು ಬಳಸಿ ವಾಕ್ಯ ಬರೆಯಲು ಹೇಳಿದ್ದೆ. ಬಹಳ ಮಂದಿ ಏಡಿಯ ಬಗ್ಗೆಯೇ ಬರೆದಿದ್ದರು. ನಾನು ಕೆಂಪು ಪೆನ್ನು ಕೆಳಗಿಟ್ಟೆ.

‘ಎಂತ ಆತು?’ ಎಂದರು ಅವರು.

‘ಸೈಡಲ್ ಅಂದ್ರೆ ಏಡಿ ನಡೆದ ಹಾಗೆ ಅಂತ ತಿಳ್ಕೊಂಡಿದ್ದಾರೆ.’

‘ಮತ್ತೆಂತ?’

‘ಬರೀ ಅಡ್ಡ ನಡೆಯೂದಲ್ಲ. ಯಾರಿಗೂ ಗೊತ್ತಾಗಬಾರದು ಅಂತ ಮೆಲ್ಲ ಪಕ್ಕಕ್ಕೆ ಸರಿಯೂದು. ಒಳಗೆ ಅಂಜಿಕೆಯೋ ನಾಚಿಕೆಯೋ ಇರ್ಬೇಕು. ಏಡಿಗೆ ಎಂತ ನಾಚಿಕೆ?’

ಅವರು ಅಂಗೈಯ ಸುಣ್ಣ ಒರೆಸಿಕೊಂಡರು. ‘ಹಂಗಾರೆ ನಾ ಮಾಡೂದು ಅದೇ.’

‘ನಿಮ್ಮದು ವ್ಯಾಯಾಮ.’

‘ಮನೆ ಒಳಗೆ ವ್ಯಾಯಾಮ. ಬೋಟಿನವ್ರು ಬಂದ್ರೆ ನಾ ಹಿತ್ತಲ ಬದಿಗೆ ಹೋಗ್ತೆ ಅಲ್ಲ, ಅದೆಂತ?’

ನನಗೆ ಗೊತ್ತಿತ್ತು. ಯಾವಾಗ ಕೆಲಸಕ್ಕೆ ಬರುತ್ತೀ ಎಂದು ಯಾರಾದರೂ ಕೇಳಿಯಾರು ಎಂಬ ಹೆದರಿಕೆ ಅವರದು. ಬಾಗಿಲಲ್ಲಿ ದನಿ ಕೇಳಿದ ಕೂಡಲೇ ಗೋಡೆ ಹಿಡಿದು ಒಳಗೆ ಸರಿದುಬಿಡುತ್ತಿದ್ದರು. ಮಲಗಿದ್ದಾರೆ ಎಂದು ನಾನು ಹೇಳಿ ಕಳಿಸುತ್ತಿದ್ದೆ. ಆ ಸಂಜೆ ನಾನು ದಣಿದಿದ್ದೆ. ಉಳಿದ ಪಟ್ಟಿಗಳನ್ನು ಹಾಗೇ ಚೀಲಕ್ಕೆ ತುಂಬಿದೆ.

ಎರಡು ದಿನ ಬಿಟ್ಟು ಬೋಟಿನ ಮಾಲಕರು ಬಂದರು. ನಾನು ಬಸ್ಸಿಗೆ ಹೊರಟು ನಿಂತಿದ್ದೆ. ಎಂದಿನ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಒಳಗಿಂದ ಇವರೇ ಬಾಗಿಲಿಗೆ ಬಂದು ದಾರಂದ ಹಿಡಿದು ನಿಂತರು.

‘ಯಾವಾಗ ಬರೂದು ಮಾರಾಯ? ಇಂಜಿನ್ನು ಹೊಗೆ ಬಿಡ್ತಾ ಇದೆ.’

‘ಇನ್ನು ಬೋಟ್ ಹತ್ತೂಕೆ ಆಗೂದಿಲ್ಲ ನನ್ ಹತ್ರ. ಬೇರೆಯವ್ರನ್ನ ನೋಡ್ಕಳಿ.’

ಮಾಲಕರು ಅವರ ಕಾಲನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದರು. ‘ಆತು’ ಎಂದರು. ಚಹಾ ಕುಡಿಯಲು ಕರೆದರೂ ನಿಲ್ಲಲಿಲ್ಲ.

ಇವರು ಹೊರಗಿನ ಜಗಲಿಯಲ್ಲೇ ಕೂತರು. ರಸ್ತೆಯಲ್ಲಿ ಹೋಗುವವರು ನೋಡುತ್ತಿದ್ದರು. ಎದ್ದು ಒಳಗೆ ಹೋಗಲಿಲ್ಲ. ‘ಬಸ್ಸು ತಪ್ಪೂದು, ನೀ ಹೋಗು’ ಎಂದರು.

ಈಗ ಅಲ್ಲೇ ಕೂತು ನೀರಿನ ಪಂಪು ರಿಪೇರಿ ಮಾಡುತ್ತಾರೆ. ಯಾರೂ ಬಾರದ ದಿನಗಳೇ ಹೆಚ್ಚು.