ಅಕ್ಕನ ಮಾತ್ರೆ

ಹೊಲಿಗೆ ಅಂಗಡಿಯ ಚಿಕ್ಕಮ್ಮ ಆಸ್ಪತ್ರೆಯ ಹಾಸಿಗೆಯಲ್ಲಿ ಕೂತು ಮಗಳಿಗೆ ಫೋನು ಮಾಡುತ್ತಲೇ ಇದ್ದಳು. ದೂರದ ಊರಿನ ಹಾಸ್ಟೆಲಿನಲ್ಲಿ ಓದುತ್ತಿದ್ದ ಮಗಳು ಎತ್ತುತ್ತಿರಲಿಲ್ಲ.

ಬೀದಿಗೆಲ್ಲ ಅವಳು ಚಿಕ್ಕಮ್ಮ, ಅವಳ ಅಕ್ಕ ದೊಡ್ಡಮ್ಮ. ಅಂಗಡಿ ಇಬ್ಬರದೂ. ಭುಜ, ತೋಳು, ಸೊಂಟ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ. ಅಕ್ಕನಿಗೆ ಹೊಲಿದ ಅಂಗಿಯನ್ನು ತಂಗಿ ತೊಟ್ಟು ನೋಡುವಳು, ತಂಗಿಯದನ್ನು ಅಕ್ಕ. ಟೇಪು ಇದ್ದದ್ದು ಗಿರಾಕಿಗಳಿಗೆ ಮಾತ್ರ.

ಹಾಗಾಗಿ ಬೆರಳ ಗಿಣ್ಣು ಊದಿಕೊಂಡಾಗ ಚಿಕ್ಕಮ್ಮ ಡಾಕ್ಟರ ಹತ್ತಿರ ಹೋಗಲಿಲ್ಲ. ಅಕ್ಕ ವರ್ಷಗಳಿಂದ ನುಂಗುತ್ತಿದ್ದ ಕೀಲುನೋವಿನ ಮಾತ್ರೆ ಮನೆಯಲ್ಲೇ ಇತ್ತಲ್ಲ! "ಅಂಗಿ ಆಗುತ್ತೆ ಅಂದ್ಮೇಲೆ ಮಾತ್ರೆ ಆಗಲ್ವಾ?" ಎಂದು ನಕ್ಕಳು. ಅಕ್ಕನೂ ನಕ್ಕು ಡಬ್ಬಿ ಮುಂದೆ ತಳ್ಳಿದಳು. ಮಗಳು ತನಗೂ ಬೆರಳುನೋವು ಅಂದಾಗ, ಹೊಸ ಬಟ್ಟೆಯ ಗಂಟಿನಲ್ಲಿ ಒಂದಷ್ಟು ಮಾತ್ರೆ ಕಟ್ಟಿ ಕಳಿಸಿದ್ದೂ ಆಯಿತು. ಅಕ್ಕರೆ ಉಕ್ಕಿದಾಗ ಬುದ್ಧಿ ಎಲ್ಲಿಗೆ ಹೋಗಿರುತ್ತದೋ!

ಕೆಲವೇ ವಾರಗಳಲ್ಲಿ ಚಿಕ್ಕಮ್ಮನಿಗೆ ಕೆಂಡದಂಥ ಜ್ವರ. ಗಂಟಲಲ್ಲಿ ನೀರು ಇಳಿಯದು. ಸೂಜಿ ಚುಚ್ಚಿದ ಗಾಯ ಮಾಯದು. ರಕ್ತ ಪರೀಕ್ಷಿಸಿದರೆ, ಸೋಂಕು ತಡೆಯುವ ಬಿಳಿ ಕಣಗಳು ಹೆಚ್ಚುಕಡಿಮೆ ಬರಿದಾಗಿದ್ದವು. ಸಾವಿನ ಬಾಯಿಂದ ಈಚೆ ಬರುವಷ್ಟರಲ್ಲಿ ಸಾಕುಬೇಕಾಯಿತು.

ಈಹೊತ್ತು ಜೀನ್ ಪರೀಕ್ಷೆಯ ಫಲಿತಾಂಶ ಹಿಡಿದು ಡಾಕ್ಟರಮ್ಮ ಬಂದಿದ್ದರು. "ದೇಹ ಈ ಮದ್ದಿಗೆ ಮೀಥೈಲ್ ಅನ್ನೋ ಪುಟ್ಟ ತುಣುಕು ಅಂಟಿಸಿ ಅದರ ಬಿರುಸು ಇಳಿಸುತ್ತೆ. ನಿಮ್ಮಕ್ಕನಿಗೆ ಅದು ಸರಾಗ. ನಿಮ್ಮ ದೇಹಕ್ಕೆ ಹುಟ್ಟಿನಿಂದಲೇ ಆ ಕೆಲಸ ಬರಲ್ಲ. ಮದ್ದು ವಿಷವಾಗಿ ರಕ್ತ ಹುಟ್ಟೋ ಜಾಗಕ್ಕೇ ಕೈ ಹಾಕಿದೆ."

"ಒಂದೇ ಹೊಟ್ಟೇಲಿ ಹುಟ್ಟಿದವರು ಡಾಕ್ಟ್ರೇ ನಾವು!"

"ಹುಟ್ಟಿದ್ರೇನಮ್ಮ, ಜೀನು ಹಂಚಿಕೆ ಒಂದೇ ಥರ ಇರಬೇಕು ಅಂತೇನಿಲ್ಲ. ಮನೇಲಿ ಇನ್ಯಾರಾದ್ರೂ ತಗೊಂಡಿದಾರಾ?"

ಚಿಕ್ಕಮ್ಮ ದಿಂಬಿನ ಬಳಿಯಿದ್ದ ಫೋನಿಗೆ ಕೈಚಾಚಿದಳು. "ನನ್ನ ಮಗಳು..."

ಡಾಕ್ಟರಮ್ಮನ ಮುಖ ಗಂಟಿಕ್ಕಿತು. "ನಿಮ್ಮಿಂದ ಒಂದು ಪಾಲು ಅವಳಿಗೆ ಹೋಗೇ ಇರುತ್ತೆ. ಅಪ್ಪನ ಕಡೆಯದೂ ಹಾಗೇ ಇದ್ರೆ ನಿಮ್ಮ ಗತಿಯೇ ಅವಳಿಗೂ. ಮೊದಮೊದಲು ಏನೂ ಗೊತ್ತಾಗಲ್ಲ. ನಿಲ್ಲಿಸೋಕೆ ಹೇಳಿ, ರಕ್ತ ಪರೀಕ್ಷೆ ಮಾಡಿಸಲಿ."

ಅಪ್ಪನೋ, ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಅವನ ಪಾಲು ಎಂಥದೆಂದು ಯಾರನ್ನು ಕೇಳುವುದು?

"ನಾನೇ ಡಬ್ಬಿ ಕೊಟ್ಟೆನಲ್ಲೇ," ಎಂದು ಅಕ್ಕ ಬಾಗಿಲ ಬಳಿ ಬಿಕ್ಕಿದಳು.

"ಸುಮ್ನಿರೇ, ರಿಂಗ್ ಆಗ್ತಿದೆ!" ಎಂದು ಗದರಿದಳು ಚಿಕ್ಕಮ್ಮ. ಕೊನೆಗೂ ಮಗಳು ಎತ್ತಿದಳು. ದನಿ ಲವಲವಿಕೆಯಿಂದಿತ್ತು.

"ಅಮ್ಮಾ! ನಾನೇ ಮಾಡ್ಬೇಕು ಅಂತಿದ್ದೆ. ಬೆರಳುನೋವು ಮಂಗಮಾಯ ಕಣಮ್ಮ! ಮಾತ್ರೆ ಎಲ್ಲಾ ಮುಗೀತು. ದೊಡ್ಡಮ್ಮನ್ನ ಕೇಳಿ ಇನ್ನೊಂದಷ್ಟು ಕಳಿಸ್ತೀಯಾ?"