ಏಳು ಕೊಕ್ಕೆಗಳ ವ್ಯಾನು

ನನ್ನ ಮಗಳು ಎರಡನೇ ತರಗತಿಗೆ ಕಾಲಿಟ್ಟ ವರ್ಷ, ಬೇಸಿಗೆ ರಜೆ ಮುಗಿದು ಶಾಲೆ ತೆರೆಯಲು ಇನ್ನೊಂದು ವಾರವಿದ್ದಾಗ ನಡೆದದ್ದು ಇದು. ಈ ಘಟನೆಯನ್ನು ಹತ್ತಾರು ಜನರಿಗೆ ಹೇಳಿದ್ದೇನೆ. ಹೇಳಿ ಹೇಳಿ ಅದು ನುಣುಪಾಗಿಬಿಟ್ಟಿದೆ. ಬರೆಯಲು ಕೂತಾಗ ಅನುಮಾನ ಬಂದು ಆ ವರ್ಷದ ಡೈರಿ ತೆಗೆದೆ. ಅದರಲ್ಲಿ ಏನಿತ್ತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ನಮ್ಮ ಮನೆ ಹಲಸೂರಿನಲ್ಲಿ. ಅಪ್ಪನಿಗೆ ಕಮರ್ಷಿಯಲ್ ಸ್ಟ್ರೀಟಿನ ಪಕ್ಕದಲ್ಲಿ ಸಣ್ಣ ಬಟ್ಟೆ ಅಂಗಡಿ ಇತ್ತು, ಓಡಾಟಕ್ಕೊಂದು ಬಿಳಿ ವ್ಯಾನಿತ್ತು. ಅದನ್ನು ಓಡಿಸುತ್ತಿದ್ದವರು ಶಿವಾಜಿನಗರದ ಖಾದರ್ ಭಾಯ್. ಅಪ್ಪ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿತು, ವ್ಯಾನು ನನ್ನ ಹೆಸರಿಗೆ ಬಂತು. ನಾನು ಅದನ್ನು ಖಾದರ್ ಭಾಯ್‌ಗೇ ಕೊಟ್ಟೆ. ಹೆಸರು ಬದಲಾಯಿಸುವುದು ಮಾತ್ರ ಇವತ್ತು ನಾಳೆ ಅನ್ನುತ್ತಾ ಉಳಿದೇಹೋಯಿತು. ಅವರು ಅದರಲ್ಲಿ ಶಾಲೆ ಮಕ್ಕಳನ್ನು ಕರೆದೊಯ್ಯತೊಡಗಿದರು. ಒಟ್ಟು ಏಳು ಮಕ್ಕಳು. ಅವರಲ್ಲಿ ನನ್ನ ಮಗಳೂ ಒಬ್ಬಳು.

ಆ ವರ್ಷ ವ್ಯಾನಿಗೆ ಹದಿನೈದು ತುಂಬಿತು. ಬಿಳಿ ಬೋರ್ಡಿನ ಸ್ವಂತ ಗಾಡಿಗೆ ಹದಿನೈದು ವರ್ಷವಾದರೆ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬೇಕು. ಕಾಗದದಲ್ಲಿ ಮಾಲೀಕಳು ನಾನಾದ್ದರಿಂದ ನಾನೇ ಹೋಗಬೇಕಿತ್ತು.

ತಪಾಸಣೆಯ ಹಿಂದಿನ ದಿನ ಸಂಜೆ ಖಾದರ್ ಭಾಯ್ ಮನೆಗೆ ಬಂದರು. ಹಿಂದಿನ ಗಾಜಿನ ಮೇಲಿದ್ದ ಶಾಲೆಯ ಸ್ಟಿಕ್ಕರನ್ನು ಆಗಲೇ ಕೆರೆದು ತೆಗೆದಿದ್ದರು. ಎರಡು ಸೀಟಿನ ನಡುವೆ ಚಿಕ್ಕ ಮಕ್ಕಳು ಕೂರಲೆಂದು ಹಾಕಿದ್ದ ಹಲಗೆ ಅವರ ಕೈಯಲ್ಲಿತ್ತು. "ಇದು ನಿಮ್ಮಲ್ಲೇ ಇರ್ಲಿ ಬೇಟಾ. ನಾಳೆ ಕೆಲ್ಸ ಆದ್ಮೇಲೆ ತಗೊಂಡ್ಹೋಗ್ತೀನಿ" ಅಂದರು. ನಾನು ಅದನ್ನು ಬಾಲ್ಕನಿಯ ಗೋಡೆಗೆ ಒರಗಿಸಿದೆ. ಯಾಕೆ ಎಂದು ಕೇಳಲಿಲ್ಲ. ಕೇಳಬೇಕಾದ ಅಗತ್ಯವೂ ಇರಲಿಲ್ಲ.

ಬೆಳಿಗ್ಗೆ ಕೆ.ಆರ್. ಪುರದ ಕಡೆಯ ತಪಾಸಣೆ ಮೈದಾನಕ್ಕೆ ಹೋದೆವು. ಆಟೋ, ಟ್ಯಾಕ್ಸಿ, ನೀರಿನ ಟ್ಯಾಂಕರು, ಸಾಮಾನು ಸಾಗಿಸುವ ಟೆಂಪೋ ಎಲ್ಲ ತೊಳೆದು ಒರೆಸಿಕೊಂಡು ಸಾಲಾಗಿ ನಿಂತಿದ್ದವು. "ಇವತ್ತೊಂದಿನ ಎಲ್ಲಾ ಗಾಡಿನೂ ಮದುವೆ ಗಂಡೇ. ನಾಳೆ ನೋಡ್ಬೇಕು ಇವುಗಳ ಮುಖಾನ" ಎಂದು ಖಾದರ್ ಭಾಯ್ ನಗಿಸಿದರು. ಪಕ್ಕದ ಆಟೋದವನು, "ನಿಮ್ದು ಮಾತ್ರ ಎರಡನೇ ಮದುವೆ ಥರ ಇದೆ ಭಾಯ್" ಎಂದು ಛೇಡಿಸಿದ.

ಕಾಯುವಾಗ ಖಾದರ್ ಭಾಯ್ ನನಗೆ ಬಾಡಿಗೆ ಗಾಡಿ, ಮನೆ ಗಾಡಿಗಳ ವಿಂಗಡಣೆಯನ್ನು ವಿವರಿಸಿದರು. ಬಾಡಿಗೆಗೆ ಓಡುವ ಹಳದಿ ಬೋರ್ಡಿನ ಗಾಡಿಗೆ ಎಫ್‌ಸಿ, ಅಂದರೆ ಓಡಲು ಯೋಗ್ಯವೆಂಬ ಪ್ರಮಾಣಪತ್ರ, ಮೇಲೆ ಮೇಲೆ ಮಾಡಿಸಬೇಕು; ಹಳೆಯದಾದರೆ ವರ್ಷ ವರ್ಷ. ಅದರಲ್ಲೂ ಶಾಲೆ ಮಕ್ಕಳ ಗಾಡಿಯಾದರೆ ಕಿಟಕಿಗೆ ಸರಳು, ಬೆಂಕಿ ಆರಿಸುವ ಸಿಲಿಂಡರು, ತುರ್ತು ಬಾಗಿಲು ಎಲ್ಲ ನೋಡುತ್ತಾರೆ. ಮನೆ ಗಾಡಿಗೆ ಅಷ್ಟೆಲ್ಲ ಇಲ್ಲ, ಇವತ್ತು ಪಾಸಾದರೆ ಮತ್ತೆ ಐದು ವರ್ಷ ಈ ಕಡೆ ತಲೆ ಹಾಕಬೇಕಾಗಿಲ್ಲ. ಶಾಲೆಯ ಗಾಡಿಯೆಂದು ಹಳದಿ ಬೋರ್ಡ್ ಮಾಡಿಸೋಣವೆಂದರೆ ನಮ್ಮ ವ್ಯಾನಿಗೆ ವಯಸ್ಸು ಮೀರಿತ್ತು. ಅಂದರೆ ನಿಜ ಹೇಳಿದರೆ ಅವರ ದುಡಿಮೆ ಅಲ್ಲಿಗೆ ನಿಲ್ಲುತ್ತಿತ್ತು.

ಇನ್‌ಸ್ಪೆಕ್ಟರ್ ನಡುವಯಸ್ಸಿನವರು, ಮಾತು ಕಡಿಮೆ. ಬ್ರೇಕು, ದೀಪ, ಹಾರನ್ನು, ಹೊಗೆ ಎಲ್ಲ ನೋಡಿದರು. ಎಲ್ಲ ಸರಿಯಿತ್ತು. ಖಾದರ್ ಭಾಯ್ ಗಾಡಿಯನ್ನು ಎಂದೂ ಅಸಡ್ಡೆ ಮಾಡಿದವರಲ್ಲ. ಆಮೇಲೆ ಇನ್‌ಸ್ಪೆಕ್ಟರ್ ಪಕ್ಕದ ಜಾರು ಬಾಗಿಲು ತೆಗೆದು ಒಳಗೆ ಬಗ್ಗಿದವರು ಅಲ್ಲೇ ನಿಂತರು. ಕಿಟಕಿಯ ಕೆಳಗೆ, ಮಕ್ಕಳ ಕೈಗೆಟಕುವ ಎತ್ತರದಲ್ಲಿ, ಸಾಲಾಗಿ ಏಳು ಕೊಕ್ಕೆಗಳು. ಒಂದೊಂದಕ್ಕೂ ಒಂದೊಂದು ಬಣ್ಣ. ಮಕ್ಕಳು ನೀರಿನ ಬಾಟಲಿಗೆ ಜಗಳವಾಡಬಾರದೆಂದು ಖಾದರ್ ಭಾಯ್ ತಾವೇ ಬಣ್ಣ ಬಳಿದು ಅವನ್ನು ಹೊಡೆದಿದ್ದರು. ನನ್ನ ಮಗಳದು ಹಸಿರು. ಸ್ಟಿಕ್ಕರು, ಹಲಗೆ ಎಲ್ಲ ನೆನಪಿಟ್ಟು ತೆಗೆದವರಿಗೆ ಈ ಕೊಕ್ಕೆಗಳು ಬಚ್ಚಿಡಬೇಕಾದ ವಸ್ತುಗಳೆಂದು ಅನ್ನಿಸಿಯೇ ಇರಲಿಲ್ಲ.

ಇನ್‌ಸ್ಪೆಕ್ಟರ್ ಒಳಗೆ ಹತ್ತಿ ಹಿಂದಿನ ಸೀಟಿನಲ್ಲಿ ಮಂಡಿ ಮಡಚಿ ಕೂತರು. "ಬಾಗಿಲು ಹಾಕಿ" ಅಂದರು. ಖಾದರ್ ಭಾಯ್ ಹಾಕಿದರು.

ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಗಾಜು ತಟ್ಟಿದ ಸದ್ದು. ಒಳಗಡೆ ಹಿಡಿಕೆ ಇರಲಿಲ್ಲ. ಒಮ್ಮೆ ಸಿಗ್ನಲ್‌ನಲ್ಲಿ ಒಬ್ಬ ಹುಡುಗ ಬಾಗಿಲು ತೆಗೆದು ಇಳಿಯಲು ಹೋಗಿದ್ದನೆಂದು ಖಾದರ್ ಭಾಯ್ ಎರಡೂ ಬದಿಯ ಬಾಗಿಲುಗಳ ಒಳ ಹಿಡಿಕೆಗಳನ್ನು ಬಿಚ್ಚಿಹಾಕಿದ್ದರು. ಆಗ ನಾವು ತಾಯಂದಿರೆಲ್ಲ ಅವರನ್ನು ಹೊಗಳಿದ್ದೆವು. ಈಗ ಅಷ್ಟು ದೊಡ್ಡ ಆಳು ಒಳಗೆ ಕೂತು ಗಾಜು ತಟ್ಟುತ್ತಿದ್ದರು. ತಟ್ಟುವ ಕೈ ಕಾಣುತ್ತಿತ್ತು. ಖಾದರ್ ಭಾಯ್ ಬಾಗಿಲು ತೆಗೆಯಲು ಕೈ ಚಾಚಿ, ಚಾಚಿದ ಹಾಗೇ ಒಂದು ಕ್ಷಣ ನಿಂತುಬಿಟ್ಟರು.

ಇಳಿದು ಬಂದ ಇನ್‌ಸ್ಪೆಕ್ಟರ್ ನನ್ನನ್ನೇ ಕೇಳಿದರು: "ಮೇಡಂ, ಗಾಡಿ ನಿಮ್ಮ ಹೆಸ್ರಲ್ಲಿದೆ. ಇದು ಮನೆ ಗಾಡಿನಾ?"

ನಾನು ಎಲ್ಲರಿಗೂ ಹೇಳುತ್ತಾ ಬಂದ ಕಥೆಯಲ್ಲಿ, ಆ ತಟ್ಟುವ ಸದ್ದು ಕೇಳಿ ಎದೆ ಝಲ್ಲೆಂದು, ನಾನೇ ನಿಜ ಹೇಳಿಬಿಡುತ್ತೇನೆ. ಹಾಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ನನ್ನ ದನಿ ನಡುಗಿದ್ದು ಕೂಡ.

ಆ ದಿನ ವ್ಯಾನು ಪಾಸಾಗಲಿಲ್ಲ. ಹಿಡಿಕೆ ಹಾಕಿಸಿ, ಮನೆ ಗಾಡಿಯನ್ನು ಮನೆ ಗಾಡಿಯಾಗಿಯೇ ಇಟ್ಟುಕೊಳ್ಳುವುದಾದರೆ ತನ್ನಿ, ಮಕ್ಕಳನ್ನು ಮಾತ್ರ ಕೂರಿಸಬೇಡಿ ಅಂದರು ಇನ್‌ಸ್ಪೆಕ್ಟರ್. ಬೈಯಲಿಲ್ಲ. ಖಾದರ್ ಭಾಯ್ ವ್ಯಾನನ್ನು ಗುಜರಿಗೆ ಹಾಕಿಸಿದರು. ಕೆಲವು ತಿಂಗಳು ಮಹದೇವಪುರದಲ್ಲಿ ಯಾರದೋ ಕ್ಯಾಬ್ ಓಡಿಸಿ, ಕೊನೆಗೆ ಒಂದು ಶಾಲೆಯ ಬಸ್ಸಿಗೆ ಡ್ರೈವರಾಗಿ ಸೇರಿದರು. ಮಗಳು ಆಮೇಲಿಂದ ಆಟೋದಲ್ಲಿ ಹೋದಳು, ಹಸಿರು ಕೊಕ್ಕೆ ಏನಾಯಿತೆಂದು ಕೇಳುತ್ತಿದ್ದಳು.

ಡೈರಿಯಲ್ಲಿ ಆ ದಿನದ ಪುಟದಲ್ಲಿರುವುದು ಮೂರೇ ಸಾಲು. "ಕೆ.ಆರ್. ಪುರ. ವ್ಯಾನು ಪಾಸಾಗಲಿಲ್ಲ. ನಾನು 'ಹೌದು, ಮನೆ ಗಾಡಿನೇ' ಅಂದೆ, ಖಾದರ್ ಭಾಯ್ 'ಇಲ್ಲ ಸಾರ್, ಸ್ಕೂಲ್ ಮಕ್ಕಳು, ಏಳು ಜನ' ಅಂದುಬಿಟ್ಟರು."

ನನ್ನದೇ ಕೈಬರಹ. ಓದಿದ ಮೇಲೂ ನೆನಪು ಬದಲಾಗಲಿಲ್ಲ. ಈಗಲೂ ನನ್ನ ದನಿ ನಡುಗಿದ್ದೇ ನೆನಪಾಗುತ್ತದೆ. ಬಹುಶಃ ಸುಳ್ಳು ಹೇಳುವಾಗಲೂ ನಡುಗಿರಬೇಕು. ಕಾಗದದ ಪ್ರಕಾರ ನಾನು ಅಂದದ್ದು ಸುಳ್ಳೂ ಅಲ್ಲ ಎಂದು ಮನಸ್ಸು ಈಗಲೂ ವಾದಿಸುತ್ತದೆ. ಕಳೆದುಕೊಳ್ಳಲು ಎಲ್ಲವೂ ಇದ್ದ ಮನುಷ್ಯ ಆ ಒಂದು ಮಾತು ಆಡಿದರು. ಅದನ್ನು ನಾನು ಇಷ್ಟು ವರ್ಷ ನನ್ನದೆಂದು ಹೇಳಿಕೊಂಡು ತಿರುಗಿದೆ.

ಹಲಗೆ ಇನ್ನೂ ಬಾಲ್ಕನಿಯಲ್ಲೇ ಇದೆ. ಖಾದರ್ ಭಾಯ್ ಅದನ್ನು ಕೇಳಲು ಬರಲಿಲ್ಲ. ಬರುವ ಭಾನುವಾರ ಶಿವಾಜಿನಗರಕ್ಕೆ ಹೋಗಿ ಡೈರಿಯ ಆ ಪುಟವನ್ನು ಅವರಿಗೆ ಓದಿ ಹೇಳಬೇಕೆಂದಿದ್ದೇನೆ.